ಜರ್ಮನಿಯ ನಾಲ್ವರೂ ನನ್ನ ಗಂಟಲೂ

ನನ್ನ ಗಂಡನಿಗೆ ಮದುವೆಗೆ ಮುಂಚೆಯೇ ಒಂದು ಸಂಬಂಧವಿತ್ತು, ಜರ್ಮನಿಯ ನಾಲ್ಕು ಜನ ಗಂಡಸರ ಜೊತೆ. ಆ ನಾಲ್ವರು ಒಂದೇ ಥರದ ಬಟ್ಟೆ ತೊಟ್ಟು, ವೇದಿಕೆಯ ಮೇಲೆ ನಾಲ್ಕು ಮೇಜುಗಳ ಹಿಂದೆ ಅಲ್ಲಾಡದೆ ನಿಂತು, ಯಂತ್ರಗಳಿಂದ ಸಂಗೀತ ಹೊರಡಿಸುತ್ತಾರೆ. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುವಾಗ ಯಾರೋ ಸೀನಿಯರ್ ಕೊಟ್ಟ ಕ್ಯಾಸೆಟ್ಟಿನಿಂದ ಶುರುವಾದ ಈ ಭಕ್ತಿ ಅಮೆರಿಕದ ಸಮರ್‌ಸೆಟ್‌ನ ನಮ್ಮ ಬೇಸ್‌ಮೆಂಟಿನವರೆಗೂ ಬಂದಿದೆ. ಮದುವೆಯಾದ ಹೊಸತರಲ್ಲಿ ಇವರು ನನ್ನನ್ನು ಕೂರಿಸಿಕೊಂಡು ಆ ಗುಂಪಿನ ವಿಡಿಯೋ ತೋರಿಸಿದರು. ನಾನು ತಾಳ್ಮೆಯಿಂದ ಕಾದೆ.

"ಯಾವಾಗ ಶುರು ಮಾಡ್ತಾರೆ?" ಅಂದೆ.

"ಶುರುವಾಗಿ ಹತ್ತು ನಿಮಿಷ ಆಯ್ತಲ್ಲೇ!"

ನಾನು ಕರ್ನಾಟಕ ಸಂಗೀತ ಹೇಳಿಕೊಡುವವಳು. ಭಾನುವಾರ ಬೆಳಗ್ಗೆ ನಮ್ಮ ಬೇಸ್‌ಮೆಂಟಿನಲ್ಲಿ ಮಕ್ಕಳು ಸರಳೆ ವರಸೆ ಹಾಡುತ್ತಿದ್ದರು. ಮಧ್ಯಾಹ್ನ ಅದೇ ಜಾಗದಲ್ಲಿ ಇವರ ಜರ್ಮನರು ಹಾಡುತ್ತಿದ್ದರು. ಕಾರಿನಲ್ಲಿ ಹೋಗುವಾಗಲೂ ಬಿಡುಗಡೆಯಿಲ್ಲ. ಬ್ರಾಂಕ್ಸ್‌ನ ಹುಡುಗರು ಅವರ ರೆಕಾರ್ಡುಗಳನ್ನು ತಿರುಗಿಸಿ ಕುಣಿದದ್ದು, ಡೆಟ್ರಾಯಿಟ್‌ನಲ್ಲಿ ಅದರಿಂದ ಹೊಸದೊಂದು ಸಂಗೀತವೇ ಹುಟ್ಟಿದ್ದು, ಎಲ್ಲ ನನಗೆ ಬಾಯಿಪಾಠವಾಗಿದೆ. "ಈಗ ರೇಡಿಯೋದಲ್ಲಿ ಬರೋ ಅರ್ಧಕ್ಕರ್ಧ ಹಾಡಿಗೆ ಅವರೇ ಮೂಲ ಕಣೇ" ಅನ್ನುತ್ತಿದ್ದರು. ಅದನ್ನು ಹೆಮ್ಮೆಯ ವಿಷಯವೆಂದು ಇವರು ಯಾಕೆ ಭಾವಿಸಿದ್ದರೋ ನನಗೆ ಅರ್ಥವಾಗುತ್ತಿರಲಿಲ್ಲ.

ಹೋದ ವರ್ಷ ನನಗೆ ಥೈರಾಯ್ಡ್ ಆಪರೇಷನ್ ಆಯಿತು. ಗಂಟಲ ನರಕ್ಕೆ ಪೆಟ್ಟಾಗಬಹುದು, ತೀರಾ ಅಪರೂಪ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆ ಅಪರೂಪ ನನ್ನ ಪಾಲಿಗೆ ಬಂತು. ಎಡಗಡೆಯ ಧ್ವನಿತಂತು ಅಲ್ಲಾಡುವುದನ್ನು ನಿಲ್ಲಿಸಿತು. ಪಿಸುಮಾತು ಮಾತ್ರ ಉಳಿಯಿತು. ಧ್ವನಿ ಥೆರಪಿಯ ಹುಡುಗಿ ಗಂಟಲಿಗೆ ವ್ಯಾಯಾಮವೆಂದು ನಗುನಗುತ್ತಾ ಸ್ಟ್ರಾ ಊದಿಸಿದಳು. ತಿಂಗಳುಗಟ್ಟಲೆ ಊದಿದೆ. ಕೊನೆಗೆ ಮಕ್ಕಳನ್ನೆಲ್ಲ ಜೆರಿಕೋ ಎಂಬ ದೂರದ ಊರಿನ ಒಬ್ಬ ಟೀಚರ ಝೂಮ್ ಕ್ಲಾಸಿಗೆ ಸೇರಿಸಿದೆ. ಆ ಭಾನುವಾರ ಬೇಸ್‌ಮೆಂಟಿಗೆ ಇಳಿಯದೆ ಮೇಲೆಯೇ ಕೂತು ಅತ್ತೆ. ಅಳುವುದಕ್ಕೂ ಸದ್ದು ಬರಲಿಲ್ಲ. ಜಗಳಕ್ಕಂತೂ ಕೇಳುವುದೇ ಬೇಡ. ಪಿಸುಗುಟ್ಟಿ ಬೈದರೆ ಯಾರೂ ಹೆದರುವುದಿಲ್ಲ. ಇವರು "ಏನೋ ಗುಟ್ಟು ಹೇಳ್ತಿದ್ದೀಯ ಅನ್ಸತ್ತೆ" ಅಂತ ಹತ್ತಿರ ಬರುತ್ತಿದ್ದರು.

ಕನ್ನಡ ಸಂಘದ ಯುಗಾದಿ ಕಾರ್ಯಕ್ರಮದಲ್ಲಿ ಪ್ರಾರ್ಥನೆ ಪ್ರತಿ ವರ್ಷ ನನ್ನದೇ. ಈ ವರ್ಷ ಕರೆಯುವುದಿಲ್ಲ ಅಂದುಕೊಂಡಿದ್ದೆ. ಸಂಘದ ಸೆಕ್ರೆಟರಿ, ಧಾರವಾಡದ ಕಡೆಯವರು, ಮನೆಗೇ ಬಂದರು.

"ಮೇಡಂ, ನೀವು ಏನೂ ಮಾಡಬ್ಯಾಡ್ರಿ. ಮೈಕ್ ಮುಂದ ಸುಮ್ನ ಕೂತ್ಕೋರಿ. ನಿಮ್ಮ ಹಳೇ ರೆಕಾರ್ಡಿಂಗ್ ನಮ್ಮ ಹತ್ರ ಅದ, ಅದನ್ನ ಹಾಕ್ತೀವಿ. ತುಟಿ ಅಲ್ಲಾಡಿಸಿದ್ರ ಸಾಕು. ಜನಕ್ಕ ಗೊತ್ತಾಗಂಗಿಲ್ಲ."

ಅವರ ಕಣ್ಣಲ್ಲಿ ನಿಜವಾದ ಪ್ರೀತಿಯಿತ್ತು. ಮೈಕಿನ ಮುಂದೆ ನಾನಿಲ್ಲದ ಯುಗಾದಿ ಅವರಿಗೆ ಯುಗಾದಿಯಲ್ಲ. ನಾನು ಹಾಡದಿರುವುದು ಅವರಿಗೆ ಅಷ್ಟು ದೊಡ್ಡ ತೊಂದರೆಯಾಗಿ ಕಾಣಲಿಲ್ಲ. ಬೇಡ ಅನ್ನಲು ಗಟ್ಟಿ ಧ್ವನಿ ಬೇಕು. ಹೂಂ ಎಂದು ತಲೆಯಾಡಿಸಿದೆ.

ಅದೇ ವಾರ ಜರ್ಮನಿಯ ನಾಲ್ವರು ಮ್ಯಾನ್‌ಹ್ಯಾಟನ್‌ಗೆ ಬಂದರು. ಇವರ ಜೊತೆ ಹೋಗಬೇಕಿದ್ದ ಸ್ನೇಹಿತನಿಗೆ ಆಫೀಸಿನಲ್ಲಿ ಏನೋ ಕೆಲಸ ಬಂತು. ಟಿಕೆಟ್ ದಂಡವಾಗಬಾರದು ಎಂದು ನಾನು ಹೊರಟೆ. ದಾರಿಯ ಸ್ಟೇಷನ್ ಸೀಕಾಕಸ್‌ನಲ್ಲಿ ರೈಲು ಎಂದಿನಂತೆ ಸಿಗ್ನಲ್ ಕೆಟ್ಟು ನಿಂತಿತು.

"ಅವರು ರೈಲಿನ ಮೇಲೂ ಮ್ಯೂಸಿಕ್ ಮಾಡಿದ್ದಾರೆ ಕಣೇ" ಅಂದರು ಇವರು.

"ಈ ರೈಲಿನ ಮೇಲಲ್ಲ" ಎಂದು ಪಿಸುಗುಟ್ಟಿದೆ.

ಥಿಯೇಟರಿನ ತುಂಬ ಕಪ್ಪು ಟೀ ಶರ್ಟಿನ ಬೋಳುತಲೆಯವರು. ಇವರಿಗೆ ಸ್ವಂತ ಊರಿಗೆ ಬಂದಷ್ಟು ಸಂತೋಷ. ದೀಪ ಆರಿತು, ನಾಲ್ವರು ಬಂದು ಮೇಜುಗಳ ಹಿಂದೆ ನಿಂತರು. ನಾನು ತೊಡೆಯ ಮೇಲೆ ಆದಿತಾಳ ಹಾಕುತ್ತಾ ಎಲ್ಲಾದರೂ ತಪ್ಪುತ್ತಾರಾ ಎಂದು ಕಾದೆ. ಎಷ್ಟು ಹೊತ್ತಾದರೂ ತಾಳ ಕೂದಲೆಳೆಯಷ್ಟೂ ಜಾರಲಿಲ್ಲ. ನನಗೆ ಸ್ವಲ್ಪ ಹೊಟ್ಟೆಯುರಿಯಾಯಿತು.

ಗುಂಪು ಕಟ್ಟಿದವರಲ್ಲಿ ಈಗ ಉಳಿದಿರುವುದು ಒಬ್ಬರೇ ಎಂದು ಇವರು ಕಿವಿಯಲ್ಲಿ ಹೇಳಿದರು. ಜೊತೆಗಾರ ತೀರಿಕೊಂಡಿದ್ದಾರೆ. ಉಳಿದ ಆ ಒಬ್ಬರು ಎಪ್ಪತ್ತು ದಾಟಿದ ಮುದುಕರು, ಎಡಗಡೆಯ ಮೇಜಿನ ಹಿಂದೆ ನಿಂತು ಮೈಕಿನಲ್ಲಿ ಹಾಡುತ್ತಿದ್ದರು. ಹಾಡು ಅನ್ನುವುದಕ್ಕಿಂತ ಮಾತೇ ಅನ್ನಬೇಕು. ಎಷ್ಟೋ ಕಡೆ ಆ ಮಾತು ಯಂತ್ರದೊಳಗೆ ಹೋಗಿ, ಲೋಹದ ಸ್ವರವಾಗಿ ಹೊರಗೆ ಬರುತ್ತಿತ್ತು. ಅದು ಯಂತ್ರವೆಂದು ಥಿಯೇಟರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ಬಂದಿದ್ದರು. ಒಂದು ಕಾಲದಲ್ಲಿ ತಮ್ಮ ಬದಲು ತಮ್ಮದೇ ಮುಖದ ಗೊಂಬೆಗಳನ್ನು ವೇದಿಕೆಯ ಮೇಲೆ ನಿಲ್ಲಿಸುತ್ತಿದ್ದರಂತೆ. ಅಲ್ಲೂ ಯಾರಿಗೂ ಮೋಸವಿಲ್ಲ, ಗೊಂಬೆ ಗೊಂಬೆಯೇ. ಮುಂದಿನ ವಾರ ರೇಷ್ಮೆ ಸೀರೆ ಉಟ್ಟು ತುಟಿ ಅಲ್ಲಾಡಿಸಬೇಕಾದ ಗೊಂಬೆ ನಾನು ಎಂದು ನೆನಪಾಗಿ ಮೈಯೆಲ್ಲ ಉರಿಯಿತು.

"ಆ ಮೆಷೀನ್ ಏನು?" ಎಂದು ಇವರ ಕಿವಿಯಲ್ಲಿ ಕೇಳಿದೆ.

"ವೋಕೋಡರ್. ನಮ್ಮನೇಲೂ ಒಂದಿದೆಯಲ್ಲ. ಟ್ರೆಡ್‌ಮಿಲ್ ಹಿಂದೆ."

ಟ್ರೆಡ್‌ಮಿಲ್ ಹಿಂದೆ ಏನಿದೆ ಎಂದು ನಮ್ಮ ಮನೆಯಲ್ಲಿ ವರ್ಷಗಳಿಂದ ಯಾರೂ ನೋಡಿರಲಿಲ್ಲ. ಮರುದಿನ ನೋಡಿದೆವು. ಉದ್ದ ಕತ್ತಿನ ಮೈಕಿರುವ ಸಣ್ಣ ಕೀಬೋರ್ಡು. ಮೈಕಿಗೆ ಬಾಯಿಯಿಟ್ಟು ಮಾತಾಡುತ್ತಾ ಕೀ ಒತ್ತಿದರೆ ಅಕ್ಷರ ನಮ್ಮದು, ಸ್ವರ ಅದರದ್ದು. ಪಿಸುಮಾತೂ ಸಾಕು. ನಾನು "ಸ" ಎಂದು ಉಸಿರುಬಿಟ್ಟು ಒಂದು ಕೀ ಒತ್ತಿದೆ. ಷಡ್ಜ ಬಂತು, ಕಬ್ಬಿಣದ ಷಡ್ಜ, ಆದರೆ ಶ್ರುತಿಗೆ ಸರಿಯಾಗಿ. ಇವರು ಸಂಭ್ರಮದಿಂದ ಯಂತ್ರದ ಚರಿತ್ರೆ ಹೇಳಲು ಶುರು ಮಾಡಿದರು. "ಮೇಲೆ ಹೋಗಿ ಕಾಫಿ ಮಾಡಿ" ಅಂದೆ.

ಗಮಕ ಬರುತ್ತಿರಲಿಲ್ಲ. ಕೀಬೋರ್ಡಿನ ಸ್ವರಗಳು ಮೆಟ್ಟಿಲಿನ ಹಾಗೆ, ಒಂದರಿಂದ ಇನ್ನೊಂದಕ್ಕೆ ಹಾರಬೇಕು. ನಮ್ಮ ಸಂಗೀತದಲ್ಲಿ ಜಾರಬೇಕು, ತೂಗಬೇಕು. ಪಕ್ಕದಲ್ಲಿ ಸ್ವರವನ್ನು ಬಗ್ಗಿಸುವ ಒಂದು ಚಕ್ರವಿತ್ತು. ಬಲಗೈ ಕೀಗಳ ಮೇಲೆ, ಎಡಗೈ ಚಕ್ರದ ಮೇಲೆ, ಬಾಯಿ ಮೈಕಿನ ಮೇಲೆ. ಆ ವಾರವೆಲ್ಲ ಸಾಧನೆ ಮಾಡಿದೆ. ಚಿಕ್ಕಂದಿನಲ್ಲಿ ನನ್ನ ಗುರುಗಳ ಹತ್ತಿರ ತಿಂದಷ್ಟೇ ಬೈಗುಳವನ್ನು ನನಗೆ ನಾನೇ ಕೊಟ್ಟುಕೊಂಡೆ. ವಾರದ ಕೊನೆಗೆ ಪ್ರಾರ್ಥನೆ ಗುರುತು ಸಿಗುವ ಹಾಗಾಯಿತು.

ಸೆಕ್ರೆಟರಿಗೆ ಮೆಸೇಜ್ ಹಾಕಿದೆ: ರೆಕಾರ್ಡಿಂಗ್ ಬೇಡ, ಒಂದು ಯಂತ್ರದ ಸಹಾಯದಿಂದ ನಾನೇ ಹಾಡುತ್ತೇನೆ. ಕೈಮುಗಿದ ಚಿತ್ರ ಬಂತು. ನಮ್ಮ ಸಂಘದಲ್ಲಿ ಆ ಚಿತ್ರ ಬಂದರೆ ಮೆಸೇಜ್ ಓದಿಲ್ಲ ಎಂದು ಅರ್ಥ.

ಯುಗಾದಿಯ ದಿನ ಬಾಡಿಗೆಯ ಸ್ಕೂಲ್ ಆಡಿಟೋರಿಯಮ್ ತುಂಬಿತ್ತು. ಬೇವು ಬೆಲ್ಲದ ಪೇಪರ್ ಕಪ್ಪುಗಳು ಸಾಲಿನಿಂದ ಸಾಲಿಗೆ ದಾಟುತ್ತಿದ್ದವು. ಪರದೆ ಸರಿಯಿತು. ನಾನು ಮೊದಲ ಸಾಲು ಹಾಡಿದೆ. ಕಬ್ಬಿಣದ ಕಂಠದಲ್ಲಿ ಗಣಪತಿಯ ಹೆಸರು ಕೇಳಿ ಸಭೆ ಗಾಬರಿಯಾಯಿತು. ನನ್ನ ಹಳೆಯ ಶಿಷ್ಯೆಯೊಬ್ಬಳು ಅಮ್ಮನನ್ನು ಗಟ್ಟಿಯಾಗಿ ಕೇಳಿದಳು, "ಈಸ್ ದಟ್ ಎಐ?" ಯಾರೋ ಒಬ್ಬ ಅಂಕಲ್ ಎದ್ದು ಸ್ಪೀಕರಿನ ಹಿಂದೆ ಬಗ್ಗಿ ವೈರ್ ನೋಡಿದರು. ನಾನು ಎರಡನೆಯ ಸಾಲಿಗೆ ಹೋದೆ.

ಸೌಂಡ್ ನೋಡಿಕೊಳ್ಳುತ್ತಿದ್ದವರು ಸಂಘದ ಟ್ರೆಷರರ್. ಮೈಕ್ ಕೆಟ್ಟಿದೆ, ಪಾಪ ಮೇಡಂ ಮರ್ಯಾದೆ ಹೋಗುತ್ತೆ ಎಂದುಕೊಂಡು ಅವರು ರೆಕಾರ್ಡಿಂಗ್ ಒತ್ತಿಬಿಟ್ಟರು.

ನನ್ನ ಧ್ವನಿ ಬಂತು. ಹಳೆಯದು. ಅದು ನನ್ನಲ್ಲಿದ್ದಾಗ ಹೀಗೆ ಎದುರಿಗೆ ಕೂತು ಕೇಳಿರಲಿಲ್ಲ. ಚೆನ್ನಾಗಿತ್ತು. ಸಭೆಯಲ್ಲಿ ಎಲ್ಲರ ಮುಖ ಸಡಿಲವಾಯಿತು, ಕೆಲವರು ತಾಳ ಹಾಕತೊಡಗಿದರು. ಆಗ ನನಗಾದ ದುಃಖ ಆಪರೇಷನ್ ಆದಾಗಲೂ ಆಗಿರಲಿಲ್ಲ. ಎಲ್ಲರಿಗೂ ಬೇಕಾಗಿದ್ದದ್ದು ಆ ಹಳೆಯ ಧ್ವನಿಯವಳು. ನಾಚಿಕೆಗೇಡೆಂದರೆ ನನ್ನ ತುಟಿಗಳೂ ತಮ್ಮಷ್ಟಕ್ಕೆ ಅವಳ ಜೊತೆ ಅಲ್ಲಾಡುತ್ತಿದ್ದವು. ಹಾಗೆಯೇ ಬಿಟ್ಟಿದ್ದರೆ ಪ್ರಾರ್ಥನೆ ಮುಗಿಯುತ್ತಿತ್ತು, ಚಪ್ಪಾಳೆ ಬರುತ್ತಿತ್ತು, ಮುಂದಿನ ವರ್ಷವೂ ಹೀಗೇ ಕರೆಯುತ್ತಿದ್ದರು.

ಷಡ್ಜ ಒತ್ತಿ ಹಿಡಿದೆ. ಮೈಕಿಗೆ ಬಾಯಿಯಿಟ್ಟು ಪಿಸುಗುಟ್ಟಿದೆ.

"ಅದನ್ನ ನಿಲ್ಲಿಸ್ರೀ!"

ಇಡೀ ಆಡಿಟೋರಿಯಮ್ ಅದುರಿತು. ಟ್ರೆಷರರ್ ಕೈಯಲ್ಲಿದ್ದ ಬೇವು ಬೆಲ್ಲ ಶರಟಿನ ಮೇಲೆ ಚೆಲ್ಲಿತು. ರೆಕಾರ್ಡಿಂಗ್ ನಿಂತಿತು. ವರ್ಷವಾದ ಮೇಲೆ ಮೊದಲ ಸಲ ಒಬ್ಬರನ್ನು ಬೈದಿದ್ದೆ, ಅವರಿಗೆ ಕೇಳಿಸಿತ್ತು. ಕಣ್ಣು ತುಂಬಿಕೊಂಡು ಕೀಗಳು ಕಾಣಲಿಲ್ಲ. ಸೆರಗಿನಿಂದ ಒರೆಸಿಕೊಂಡು ಮೊದಲ ಸಾಲಿನಿಂದ ಮತ್ತೆ ಶುರು ಮಾಡಿದೆ. ಎಲ್ಲರೂ ಕೊನೆಯವರೆಗೂ ಕೂತು ಕೇಳಿದರು.