ಅಳಿಸುವ ಸುರುಳಿ

ತರೀಕೆರೆ ಬಸ್ ಸ್ಟ್ಯಾಂಡಿನ ಎದುರು ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಷಣ್ಮುಖಪ್ಪನಿಗೆ ಹೊಸ ಸಾಮಾನಿನ ಹುಚ್ಚು. ದೆಹಲಿಯಿಂದ ಅಂಚೆಯಲ್ಲಿ ಬರುತ್ತಿದ್ದ ಇಂಗ್ಲಿಷ್ ಎಲೆಕ್ಟ್ರಾನಿಕ್ಸ್ ಮಾಸಪತ್ರಿಕೆಯನ್ನು ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು ಓದುತ್ತಿದ್ದ. ಓದಿದ್ದನ್ನು ಮಾಡಿ ನೋಡದಿದ್ದರೆ ಅವನಿಗೆ ಉಂಡ ಅನ್ನ ಅರಗುತ್ತಿರಲಿಲ್ಲ. ವಾಲ್ವ್ ರೇಡಿಯೋ ಹೋಗಿ ಟ್ರಾನ್ಸಿಸ್ಟರ್ ಬಂದಾಗ ಉಳಿದ ರಿಪೇರಿಯವರೆಲ್ಲ ತಲೆ ಮೇಲೆ ಕೈ ಹೊತ್ತು ಕೂತರು. ಇವನು ಬೆಸುಗೆ ಕಡ್ಡಿಯ ಮೊನೆ ಮಸೆದು ಸಣ್ಣದು ಮಾಡಿಕೊಂಡ, ಅಷ್ಟೆ.

ಹೆಂಡತಿ ಮಲ್ಲಿಕಾಂಬ ತೀರಿಕೊಂಡದ್ದು ಎಂಬತ್ತೊಂದರಲ್ಲಿ, ಕಾಮಾಲೆಯಿಂದ. ಮದುವೆಯಾಗಿ ನಾಲ್ಕೇ ವರ್ಷ. ಆಕೆಯ ದನಿ ಉಳಿದದ್ದು ಒಂದೇ ಒಂದು ಕ್ಯಾಸೆಟ್ಟಿನಲ್ಲಿ. ಯಾರದೋ ಟೇಪ್ ರೆಕಾರ್ಡರ್ ರಿಪೇರಿ ಮಾಡಿ, ಸರಿಯಾಯಿತೇ ನೋಡಲು ಅಡುಗೆಮನೆಗೆ ಒಯ್ದು, ಏನಾದರೂ ಮಾತಾಡು ಎಂದಿದ್ದ. “ಏನ್ ಮಾತಾಡ್ಲಿ ನಾನು? ಬಿಡ್ರೀ, ಸಾರು ಉಕ್ತೈತೆ,” ಎಂದು ನಕ್ಕಿದ್ದಳು. ಆಮೇಲೆ, ಸಖರಾಯಪಟ್ಟಣದಲ್ಲಿ ಮಳೆ ಬಂದ ದಿನ ಅಪ್ಪ ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಡುತ್ತಿದ್ದುದನ್ನು ಹೇಳಿದ್ದಳು. ಒಟ್ಟು ಮೂರು ನಿಮಿಷ.

ಆ ಅಪ್ಪ, ತೀರ್ಥಪ್ಪ, ಅದನ್ನು ಒಮ್ಮೆಯೂ ಕೇಳಿರಲಿಲ್ಲ. ವರ್ಷಕ್ಕೊಮ್ಮೆ ಅಳಿಯನ ಅಂಗಡಿಯ ಆಯುಧಪೂಜೆಗೆ ಬರುವರು. ಷಣ್ಮುಖಪ್ಪ “ಹಾಕ್ಲಾ ಮಾವ?” ಎಂದರೆ ಸಾಕು, ಎದ್ದು ಬೀದಿಗೆ ಇಳಿಯುವರು. “ಬ್ಯಾಡಪ್ಪ, ಎದೆ ತಡಿಯಲ್ಲ. ಮುಂದಿನ್ ವರ್ಷ ನೋಡಣ.”

ಎಂಬತ್ನಾಲ್ಕರಲ್ಲಿ ಪತ್ರಿಕೆಯಲ್ಲಿ ಹೊಸ ಸಾಧನವೊಂದರ ನಕ್ಷೆ ಬಂತು. ತಂತಿಯ ಸುರುಳಿಗೆ ಕರೆಂಟ್ ಕೊಟ್ಟರೆ, ಹತ್ತಿರ ಹಿಡಿದ ಕ್ಯಾಸೆಟ್ಟಿನಲ್ಲಿ ಇರುವುದೆಲ್ಲ ಚಿಟಿಕೆ ಹೊಡೆಯುವಷ್ಟರಲ್ಲಿ ಅಳಿಸಿಹೋಗಿ, ಹೊಸದಾಗಿ ತುಂಬಿಸಲು ಟೇಪು ಸಿದ್ಧ. ಹಳೇ ಟ್ರಾನ್ಸ್‌ಫಾರ್ಮರ್ ಬಿಚ್ಚಿ ಅದನ್ನೂ ಮಾಡಿ, ಮರದ ಡಬ್ಬಿಯೊಳಗೆ ಕೂರಿಸಿದ. ಮಲ್ಲಿಕಾಂಬಳ ಕ್ಯಾಸೆಟ್ಟನ್ನು ಮಾತ್ರ ಅದರ ಹತ್ತಿರ ಸುಳಿಯಗೊಡದೆ ಮನೆಯ ಟ್ರಂಕಿನಲ್ಲಿಟ್ಟ. ಅಷ್ಟು ಎಚ್ಚರದ ಮನುಷ್ಯ.

ಆಯುಧಪೂಜೆಗೆ ಆ ಕ್ಯಾಸೆಟ್ಟನ್ನೂ ಮನೆಯಿಂದ ತಂದು ಹೂವಿಡುವುದು ಅವನ ರೂಢಿ. ಮಣೆಯ ಮೇಲೆ ಮೀಟರು, ಬೆಸುಗೆ ಕಡ್ಡಿ, ರೇಡಿಯೋ ಎಲ್ಲ ಜೋಡಿಸಿ, ನಡುವೆ ಹೊಸ ಡಬ್ಬಿ ಇಟ್ಟ. ಜಾಗ ಸಾಲದೆ ಕ್ಯಾಸೆಟ್ಟನ್ನು ಡಬ್ಬಿಯ ಮೇಲೇ ಇಟ್ಟ. ಕರೆಂಟಿಲ್ಲದ ಸುರುಳಿ ಏನೂ ಮಾಡದು, ಸ್ವಿಚ್ ಹಾಕುವ ಮುಂಚೆ ಎತ್ತಿಟ್ಟರಾಯಿತು ಎಂದುಕೊಂಡ. ಮೇಲೆ ಸೇವಂತಿಗೆ ಏರಿಸಿದ. ಮಂಗಳಾರತಿ ಮುಗಿದೊಡನೆ ಒಂದೇ ಸ್ವಿಚ್ಚಿನಿಂದ ಎಲ್ಲ ಸಾಮಾನನ್ನೂ ಒಂದು ಗಳಿಗೆ ಚಾಲು ಮಾಡುವುದು ಆ ಅಂಗಡಿಯ ಪದ್ಧತಿ.

ಆರತಿ ಎತ್ತುವ ಹೊತ್ತಿಗೆ ತೀರ್ಥಪ್ಪ ಬಂದರು. ಬೀರೂರಿನಲ್ಲಿ ಬಸ್ಸು ಬದಲಾಯಿಸಿ ಬಂದ ಮುದುಕರು ಕಾಲು ತೊಳೆದು, ಒಳಗೆ ಬಂದು, ಬೆಂಚಿನ ಮೇಲೆ ನೆಟ್ಟಗೆ ಕೂತು ಹೇಳಿದರು: “ಈ ಸಲ ಕೇಳಿಸ್ಬಿಡಪ್ಪ. ಕೇಳೇ ಹೋಗ್ತೀನಿ.”

ಷಣ್ಮುಖಪ್ಪನಿಗೆ ಹಿಗ್ಗು. ಮೂರು ವರ್ಷದಿಂದ ಆ ಮಾತಿಗೆ ಕಾದಿದ್ದವನು ಬೇಗ ಬೇಗ ಆರತಿ ಮುಗಿಸಿ ಸ್ವಿಚ್ ಒತ್ತಿದ. ರೇಡಿಯೋ ಹಾಡಿತು. ಡಬ್ಬಿ ಗುಂಯ್ ಎಂದಿತು. ಆ ಸದ್ದು ಕಿವಿಗೆ ಬಿದ್ದಾಗಲೇ ತಾನೇನು ಮಾಡಿದೆ ಎಂದು ಅವನಿಗೆ ತಿಳಿದದ್ದು. ಹೂವು ಬಾಚಿ ಕ್ಯಾಸೆಟ್ಟನ್ನು ಕಿತ್ತುಕೊಂಡ. ಆದರೂ ಆಸೆ ಬಿಡದೆ ಟೇಪ್ ರೆಕಾರ್ಡರಿಗೆ ಹಾಕಿದ.

ಸೊಂಯ್ ಎನ್ನುವ ಸದ್ದೊಂದೇ. ಅವನು ನಿಲ್ಲಿಸಲು ಕೈ ಚಾಚಿದರೆ ತೀರ್ಥಪ್ಪ ತಡೆದರು. “ತಡಿಯಪ್ಪ, ಅವಸರ ಮಾಡ್ಬ್ಯಾಡ. ಚಿಕ್ಕೋಳಿದ್ದಾಗ್ಲಿಂದ್ಲೂ ನಾಚ್ಕೆ ಅವ್ಳಿಗೆ. ಈಗ ಮಾತಾಡ್ತಾಳೆ.”

ಮೂರು ನಿಮಿಷ ಕಳೆದು, ನಾಲ್ಕಾಯಿತು. ಷಣ್ಮುಖಪ್ಪ ಮಾವನ ಕಾಲ ಬಳಿ ಕುಸಿದು ಕೂತ. “ಇಲ್ಲ ಮಾವ. ನನ್ ಕೈಯಾರೆ ಅಳಿಸ್ಬಿಟ್ಟೆ,” ಎಂದು, ಆದದ್ದನ್ನೆಲ್ಲ ಹೇಳಿ ಅತ್ತ.

ತೀರ್ಥಪ್ಪ ಬಯ್ಯಲಿಲ್ಲ. ಅಳಿಯನ ತಲೆಯ ಮೇಲೆ ಕೈಯಿಟ್ಟು ಅಂದರು: “ಮೂರು ವರ್ಷ ನನ್ ಮಗಳು ಇಲ್ಲೇ ಮಾತಾಡ್ಕೊಂಡು ಇದ್ಳಲ್ಲಪ್ಪ. ನಾನೇ ಎದ್ದು ಹೊರಗ್ ಹೋಗ್ತಿದ್ದೆ.”