ಚೆಲ್ಲುವ ಮೊದಲ ಬಟ್ಟಲು

ಭಾಲ್ಕಿಯ ನನ್ನ ಅಂಗಡಿಗೆ ಆಟದ ಸಾಮಾನು ಕೊಳ್ಳಲು ಚೀನಾದ ಗುವಾಂಗ್‌ಝೌಗೆ ಹೋಗಿದ್ದೆ. ಔರಾದ ಕಡೆಯ ಹಳ್ಳಿಗಳು ಟ್ಯಾಂಕರ್ ನೀರಿಗೆ ಕಾಯುತ್ತಿದ್ದ, ದುಡಿಯುವವರೆಲ್ಲ ಹೈದರಾಬಾದಿಗೆ ಗುಳೆ ಹೋಗಿದ್ದ ವರ್ಷ ಅದು. ಗುವಾಂಗ್‌ಝೌನ ಶಾಪಿಂಗ್ ಮಾಲಿನೊಳಗೆ ಹಾಡಿಗೆ ತಕ್ಕಂತೆ ಕಾರಂಜಿ ಕುಣಿಯುತ್ತಿತ್ತು. ನಾನು ತಲೆ ತಗ್ಗಿಸಿ ಮುಂದೆ ನಡೆದೆ.

ಹಳೇ ಪೇಟೆಯ ಸಗಟು ವ್ಯಾಪಾರಿ ದರದ ಮಾತಿಗೆ ಮುಂಚೆ ಚಹಾಕ್ಕೆ ಕೂರಿಸಿದ. ಮೊದಲ ಸಲ ಸೋಸಿದ ಚಹಾದಲ್ಲಿ ಬಟ್ಟಲು ತೊಳೆದು ಚೆಲ್ಲುವುದು ಅವರ ಪದ್ಧತಿ. ಅವನು ಚೆಲ್ಲುವ ಮುಂಚೆಯೇ ನಾನು ನನ್ನ ಬಟ್ಟಲೆತ್ತಿ ಬಿಸಿಬಿಸಿಯಾಗಿಯೇ ಕುಡಿದುಬಿಟ್ಟೆ. ಅವನು ನಕ್ಕ. ನನಗೆ ಸಿಟ್ಟು ಬಂತು. ನಗಲಿ, ಅವನಿಗೇನು ಗೊತ್ತು ನಮ್ಮ ಬರ! ಆದರೆ ಅಂಗಡಿಯಿಂದ ಅಂಗಡಿಗೆ ಅಲೆದು ವಾರ ಕಳೆಯುವಷ್ಟರಲ್ಲಿ ಅವರಿಗಿಂತ ಮೊದಲು ನಾನೇ ಚೆಲ್ಲುತ್ತಿದ್ದೆ.

ತಿರುಗಿ ಬಂದು, ಔರಾದ ಹತ್ತಿರದ ಹಳ್ಳಿಯಲ್ಲಿರುವ ತಂಗಿಯ ಮನೆಗೆ ಹೋದೆ. ಅವಳು ತಂಬಿಗೆಯಲ್ಲಿ ನೀರು, ಜೊತೆಗೊಂದು ಲೋಟ ತಂದಿಟ್ಟಳು. ನಾನು ಮಾತಾಡುತ್ತಲೇ ಲೋಟಕ್ಕೆ ನೀರು ಬಗ್ಗಿಸಿ, ಕುಲುಕಿ, ಅಂಗಳಕ್ಕೆ ಚೆಲ್ಲಿದೆ. ತಂಗಿ ನೆಲದ ಒದ್ದೆ ಕಲೆಯನ್ನೇ ನೋಡಿದಳು.

“ಅಲ್ಲಿ ನೀರು ಭಾಳ ಅವ ಏನಣ್ಣಾ?”

ಮಾತಿನಲ್ಲಿ ಕೊಂಕಿರಲಿಲ್ಲ. ಉತ್ತರಕ್ಕೂ ಕಾಯದೆ, ನನ್ನ ಲೋಟ ಮತ್ತೆ ತುಂಬಿಸಿದಳು.