ಮೂರು ಕಲ್ಲಿನ ಒಲೆ

ಗಂಜಿ ಕೇಳಿದವನು ನಾನು. ಕೇಳಲೇ ಇಲ್ಲ ಎಂದು ಅಂಗೈ ಮೇಲೆ ಲಿಂಗ ಇಟ್ಟುಕೊಂಡು ಹೇಳಿದವನೂ ನಾನೇ. ಈ ಎರಡು ಮಾತಿನ ನಡುವೆ ಹದಿನೈದು ದಿನವೂ ಕಳೆದಿರಲಿಲ್ಲ. ಆ ಸುಳ್ಳಿನಿಂದ ನನ್ನ ಓದು ಉಳಿಯಿತು. ಮದ್ದೂರಿನ ಒಂದು ಮನೆಯವರ ಕಸುಬು ಹೋಯಿತು. ವಿಷಯ ಇಷ್ಟೇ. ಇಷ್ಟನ್ನು ಕಾಗದದ ಮೇಲೆ ಇಳಿಸಲು ನನಗೆ ಇಡೀ ಒಂದು ಆಯುಸ್ಸು ಬೇಕಾಯಿತು ಎಂದರೆ — ಹೋಗಲಿ, ಈಗ ನನ್ನನ್ನು ನಾನು ಬೈದುಕೊಂಡು ಯಾರಿಗೇನು ಸಿಗಬೇಕು. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಯುದ್ಧದ ಕಾಲ. ಮಳವಳ್ಳಿಯಿಂದ ಆಚೆ ಒಂದು ಪುಟ್ಟ ಹಳ್ಳಿ ನನ್ನದು. ಅಪ್ಪ ಇರಲಿಲ್ಲ. ಅವ್ವ ಕಂಡವರ ಗದ್ದೆಯಲ್ಲಿ ನಾಟಿ ಹಾಕಿ ನನ್ನನ್ನು ಮಂಡ್ಯದ ಹೈಸ್ಕೂಲಿಗೆ ಕಳಿಸಿದ್ದಳು. ಅಲ್ಲಿ ನಮ್ಮ ಲಿಂಗವಂತ ಜನ ಬಡ ಹುಡುಗರಿಗೆಂದು ನಡೆಸುತ್ತಿದ್ದ ಒಂದು ವಿದ್ಯಾರ್ಥಿನಿಲಯ ಇತ್ತು. ಊಟ, ವಸತಿ ಎರಡೂ ಪುಕ್ಕಟೆ. ಅದು ಇಲ್ಲವಾದರೆ ನಾನು ಮರುದಿನವೇ ಊರಿಗೆ ಹೋಗಿ ದನದ ಹಿಂದೆ ನಡೆಯಬೇಕಿತ್ತು. ಅಲ್ಲಿನ ಕಟ್ಟಳೆಗಳು ಬಿಗಿ. ಲಿಂಗಪೂಜೆ ಆಗದೆ ತುತ್ತು ಎತ್ತುವಂತಿಲ್ಲ. ಬೇರೆ ಜನದವರ ಕೈಯಲ್ಲಿ ಬೆಂದ ಅನ್ನ ಮುಟ್ಟುವಂತಿಲ್ಲ. ಮುಟ್ಟಿದವನು ಗಂಟುಮೂಟೆ ಕಟ್ಟಬೇಕು.

ಆದರೆ ಭಾನುವಾರ ಬಂತೆಂದರೆ ನನ್ನ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಹಳ್ಳಿ ಬಿಟ್ಟು ಬಂದವನಿಗೆ ಪೇಟೆಯೆಂಬುದೇ ಒಂದು ಜಾತ್ರೆ. ಯಾವ ಬೀದಿಯಲ್ಲಿ ಏನು ಮಾರುತ್ತಾರೆ, ಯಾರ ಮನೆಯ ಜಗಲಿ ಮೇಲೆ ಯಾರು ಕೂತು ಏನು ಮಾತಾಡುತ್ತಾರೆ — ಎಲ್ಲ ನೋಡಬೇಕು. ಈ ಹುಚ್ಚಿಗೆ ಜೊತೆಯಾದವನು ಗೌಸ್. ನನ್ನ ಬೆಂಚಿನಲ್ಲೇ ಕೂರುತ್ತಿದ್ದ. ದಿನಾ ಮದ್ದೂರಿನಿಂದ ರೈಲಿನಲ್ಲಿ ಬರುತ್ತಿದ್ದ. ಲೆಕ್ಕದಲ್ಲಿ ನನಗಿಂತ ಜಾಣ, ಮಾತಿನಲ್ಲಿ ನನಗಿಂತ ಮಳ್ಳ. ಅವನ ತಂದೆ ಖಾದರ್ ಸಾಬರು ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವವರು.

ಭಾನುವಾರ ನಾನು ರೈಲಿನಲ್ಲಿ ಮದ್ದೂರಿಗೆ ಹೋಗಿ ಇಳಿದರೆ, ಅವರ ಹಿಂದೆ ನಾವಿಬ್ಬರೂ ಹೊರಡುತ್ತಿದ್ದೆವು. ಒಂದು ವಾರ ವೈದ್ಯನಾಥಪುರ, ಇನ್ನೊಂದು ವಾರ ಬೆಸಗರಹಳ್ಳಿ. ಬೀದಿಯ ಮರದಡಿ ಗುಂಡಿ ತೋಡಿ, ಇದ್ದಿಲು ಹಾಕಿ, ತಿದಿ ಒತ್ತಿದರೆ ಕೆಂಡ ಕೆಂಪಗಾಗುತ್ತಿತ್ತು. ಕಲಾಯಿಗೆ ಮೊದಲು ಪಾತ್ರೆ ಉಜ್ಜಬೇಕಲ್ಲ, ಅದಕ್ಕೆ ಖಾದರ್ ಸಾಬರು ಪಾತ್ರೆಯೊಳಗೆ ಮರಳು ಹಾಕಿ, ಬರಿಗಾಲಲ್ಲಿ ಅದರೊಳಗೇ ನಿಂತು ಸೊಂಟ ತಿರುಗಿಸುತ್ತಿದ್ದರು. ಆಮೇಲೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರ ಮುಟ್ಟಿಸಿ ಹತ್ತಿಯಿಂದ ಒರೆಸಿದರೆ ಒಳಗೆಲ್ಲ ಬೆಳ್ಳಿ. ಅಗ್ರಹಾರದ ತಪ್ಪಲೆ, ಗೌಡರ ಮನೆಯ ಕೊಳಗ, ನಮ್ಮವರ ಮನೆಯ ಬೋಗುಣಿ — ಎಲ್ಲವೂ ಅವರ ಕಾಲಡಿ ಹಾದು ಅಡುಗೆಮನೆಗೆ ಹೋದವೇ. ಹೆಂಗಸರು ಹುಣಸೆನೀರಲ್ಲಿ ಒಂದು ಸಲ ತೊಳೆದು ಒಳಗಿಟ್ಟುಕೊಳ್ಳುತ್ತಿದ್ದರು. ಯಾರೂ ಏನೂ ಅನ್ನುತ್ತಿರಲಿಲ್ಲ. ಪಾತ್ರೆಗಳನ್ನು ನೋಡಿಯೇ ಯಾವ ಮನೆಯಲ್ಲಿ ಎಷ್ಟು ಜನ ಉಣ್ಣುತ್ತಾರೆ, ಎಲ್ಲಿ ಹೊಸ ಸೊಸೆ ಬಂದಿದ್ದಾಳೆ ಎಂದು ಸಾಬರು ಹೇಳಿಬಿಡುತ್ತಿದ್ದರು. ನಾನು ಊರುಗಳನ್ನು ನೋಡಲು ಕಲಿತದ್ದು ಅವರ ಜೊತೆಯಲ್ಲಿ.

ಮಧ್ಯಾಹ್ನ ಮದ್ದೂರಿನ ಅವರ ಮನೆಗೆ ಬರುತ್ತಿದ್ದೆವು. ಗೌಸನ ತಾಯಿ ಹಾಜಿರಾಬಿ ನನಗೆ ಬೆಂದದ್ದನ್ನು ಯಾವತ್ತೂ ಕೊಡುತ್ತಿರಲಿಲ್ಲ. ಆ ಕಾಲದ ಮರ್ಯಾದೆ ಅದು. ಬೇರೆ ಜನದ ಅತಿಥಿಗೆ ಅಕ್ಕಿಬೇಳೆ ಕೊಟ್ಟು, ನೀನೇ ಬೇಯಿಸಿಕೋ ಎನ್ನುವುದು. ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ನನಗೆಂದೇ ಕುಂಬಾರರಿಂದ ತಂದು ಗೋಡೆಯ ಮೇಲೆ ಬೋರಲು ಹಾಕಿದ್ದ ಮಡಕೆಯನ್ನು ತೋರಿಸುತ್ತಿದ್ದರು. ರೇಷನ್ನಿನ ಅಕ್ಕಿ, ಅವರಿಗೇ ಸಾಲದು. ಅದರಲ್ಲೇ ಒಂದು ಪಾವು ಮೊರದಲ್ಲಿಟ್ಟು ದೂರ ಸರಿಯುತ್ತಿದ್ದರು. ನನಗೋ ಅನ್ನ ಮಾಡಲು ಬರುತ್ತಿರಲಿಲ್ಲ. ಹಿತ್ತಲ ಬಾಗಿಲಲ್ಲಿ ಕೂತು ಅವರೇ ಹೇಳಿಕೊಡುತ್ತಿದ್ದರು — ಈಗ ಉರಿ ತಗ್ಗಿಸು, ಈಗ ಉಪ್ಪು ಹಾಕು, ಈಗ ಮುಚ್ಚು. ನಾನು ಸೀಯಿಸಿದರೆ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಅವ್ವನಿಂದ ದೂರವಿದ್ದ ನನಗೆ ಆ ಬಾಗಿಲೇ ತವರಾಗಿತ್ತು. ಅವರನ್ನು ಅಮ್ಮ ಎಂದೇ ಕರೆಯುತ್ತಿದ್ದೆ. ಅಮ್ಮ ಎಂದು ಕರೆದೇ ಆಮೇಲೆ —

ಇರಲಿ. ಕ್ರಮವಾಗಿ ಹೇಳಬೇಕು.

ಒಂದು ಭಾನುವಾರ ಬೆಸಗರಹಳ್ಳಿಯಿಂದ ಹಿಂತಿರುಗುವಾಗ ನನಗೆ ಚಳಿಜ್ವರ ಬಂತು. ನಾಲೆ ನೀರು ಬಂದ ಮೇಲೆ ನಮ್ಮ ಸೀಮೆಯಲ್ಲಿ ಅದು ಮನೆಮನೆಯ ಕಾಯಿಲೆ. ಯುದ್ಧದಿಂದಾಗಿ ಕ್ವಿನೈನು ಸಿಗುತ್ತಿರಲಿಲ್ಲ. ಮದ್ದೂರು ಮುಟ್ಟುವಷ್ಟರಲ್ಲಿ ಹಲ್ಲು ಕಟಕಟ ಎನ್ನುತ್ತಿತ್ತು. ರೈಲು ಹತ್ತುವ ಶಕ್ತಿ ಇರಲಿಲ್ಲ. ಗೌಸನ ಮನೆಯ ಪಡಸಾಲೆಯಲ್ಲಿ ಬಿದ್ದುಕೊಂಡೆ. ಎರಡು ದಿನ ಹಾಲು, ಬಾಳೆಹಣ್ಣು ಎಂದು ಅವರು ಹೇಗೋ ನಡೆಸಿದರು. ಅವೆರಡಕ್ಕೆ ನಮ್ಮ ಕಟ್ಟಳೆಯಲ್ಲಿ ಅಡ್ಡಿ ಇರಲಿಲ್ಲ. ಆದರೆ ಹೊಟ್ಟೆಯಲ್ಲಿ ಒಂದೂ ನಿಲ್ಲಲಿಲ್ಲ. ಹಾಜಿರಾಬಿ ನಮ್ಮವರದೇ ಒಂದು ಮನೆಗೆ ಗೌಸನನ್ನು ಅಟ್ಟಿದರು, ಒಂದು ಲೋಟ ಗಂಜಿ ಕಾಸಿಕೊಡಿ ಎಂದು ಕೇಳಲು. ಆ ಮನೆಯ ಯಜಮಾನರು ಜವಳಿ ವ್ಯಾಪಾರಿ. ನೋಡೋಣ ಎಂದರಂತೆ. ಗಂಜಿ ಬರಲಿಲ್ಲ.

ಮೂರನೆಯ ದಿನ ಬೆಳಗ್ಗೆ ಜ್ವರ ಸ್ವಲ್ಪ ಇಳಿದಿತ್ತು. ತಲೆ ತಿಳಿಯಾಗಿತ್ತು — ಇದನ್ನು ಗಟ್ಟಿಯಾಗಿ ಬರೆಯುತ್ತಿದ್ದೇನೆ, ನನ್ನ ತಲೆ ತಿಳಿಯಾಗಿತ್ತು. ಒಳಗೆ ರಾಗಿ ಗಂಜಿ ಕುದಿಯುವ ವಾಸನೆ ಬಂತು. ಅಮ್ಮಾ, ನನಗೂ ಕೊಡಿ ಎಂದೆ. ಅವರು ಬಾಗಿಲಿಗೆ ಬಂದು ನಿಂತರು.

"ಬ್ಯಾಡ ಕಣಪ್ಪ. ನಾಳೆ ನಿಮ್ಮೋರು ಬಂದು ಯಾಕ್ ಕೊಟ್ಟೆ ಅಂದ್ರೆ ನಾನೇನ್ ಏಳ್ಲಿ?"

"ನಾನೇ ಕೇಳ್ದೆ ಅಂತ ಏಳ್ತೀನಿ ಕಣಮ್ಮ. ಯಾರ್ ಮುಂದೆ ಬೇಕಾದ್ರೂ ಏಳ್ತೀನಿ."

ಅವರು ಹಿತ್ತಲಿಗೆ ಹೋದರು. ಗೋಡೆಯ ಮೇಲಿನ ನನ್ನ ಮಡಕೆಯನ್ನು ಇಳಿಸಿ, ತೊಳೆದು, ಅದರಲ್ಲೇ ಬೇರೆಯಾಗಿ ಗಂಜಿ ಕಾಸಿದರು. ತಂದು ಮುಂದಿಟ್ಟು, "ಮೊದ್ಲು ನಿನ್ ಪೂಜೆ ಮಾಡ್ಕೊ" ಎಂದರು. ನಾನು ಎದ್ದು ಕೂತೆ. ಹಣೆಗೆ ವಿಭೂತಿ ಇಟ್ಟುಕೊಂಡು, ಕೊರಳ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈ ಮೇಲಿಟ್ಟು ಪೂಜೆ ಮಾಡಿಕೊಂಡೆ. ಅವರು ಅಷ್ಟು ಹೊತ್ತೂ ತಲೆ ಮೇಲೆ ಸೆರಗು ಹೊದ್ದು ಗೋಡೆಯ ಕಡೆ ತಿರುಗಿ ನಿಂತಿದ್ದರು. ಗಂಜಿ ಕುಡಿದೆ. ಆರು ದಿನ ಅವರ ಕೈಯ ಗಂಜಿ ಕುಡಿದೇ ಬದುಕಿದೆ.

ಮಂಡ್ಯಕ್ಕೆ ಬಂದಾಗ ಸುದ್ದಿ ನನಗಿಂತ ಮೊದಲೇ ಬಂದು ಕೂತಿತ್ತು. ಗಂಜಿ ಕೊಡದಿದ್ದ ಆ ಜವಳಿ ವ್ಯಾಪಾರಿಯೇ ನಿಲಯಕ್ಕೆ ಬಂದು, ನಿಮ್ಮ ಹುಡುಗ ಸಾಬರ ಮನೆಯಲ್ಲಿ ಉಂಡುಕೊಂಡು ಬಿದ್ದಿದ್ದಾನೆ ಎಂದು ಹೇಳಿ ಹೋಗಿದ್ದರು. ಆ ಮನುಷ್ಯನ ಮೇಲೆ ನನಗೆ ಎಷ್ಟು ವರ್ಷ ಸಿಟ್ಟಿತ್ತು! ಅವರು ನನಗೆ ದ್ರೋಹ ಮಾಡಿದರು, ಅವರಿಂದಲೇ ಎಲ್ಲ ಕೆಟ್ಟಿತು ಎಂದು ಹಲ್ಲು ಕಡಿಯುತ್ತಿದ್ದೆ. ಆದರೆ ಅವರು ಹೇಳಿದ್ದು ನಿಜವನ್ನೇ. ಸುಳ್ಳು ಹೇಳಿದವನು ನಾನು ಒಬ್ಬನೇ.

ನಿಲಯದ ಪಡಸಾಲೆಯಲ್ಲಿ ಅಲ್ಲಿನ ಯಜಮಾನರೂ ಮೂವರು ಹಿರಿಯರೂ ಕೂತರು. ಖಾದರ್ ಸಾಬರಿಗೂ ಹೇಳಿಕಳಿಸಿದ್ದರು. ಅವರು ಮೆಟ್ಟಿಲ ಕೆಳಗೆ ಟವಲನ್ನು ಕೈಯಲ್ಲಿ ಹಿಡಿದು ನಿಂತಿದ್ದರು, ಪಕ್ಕದಲ್ಲಿ ಗೌಸ್. ಜಾತಿ ಕೆಡಿಸಲೆಂದೇ ಉಣ್ಣಿಸಿದಿರೇನು ಎಂದು ಒಬ್ಬರು ಕೇಳಿದರು. ಖಾದರ್ ಸಾಬರಿಗೆ ಸ್ವಲ್ಪವೂ ಗಾಬರಿ ಇರಲಿಲ್ಲ.

"ಉಡ್ಗ ಕೇಳ್ದ, ನಮ್ ಎಂಗ್ಸು ಕೊಟ್ಳು ಬುದ್ಧಿ. ಅವನ್ನೇ ಕೇಳಿ. ಅವ್ನು ಸುಳ್ಳೇಳಾಕಿಲ್ಲ."

ಯಜಮಾನರು ನನ್ನ ಕಡೆ ತಿರುಗಿದರು. ಲಿಂಗ ಅಂಗೈಗೆ ತೆಗೆದುಕೋ ಎಂದರು. ತೆಗೆದುಕೊಂಡೆ. ಕೇಳಿ ಉಂಡವನಾದರೆ ಈ ಹೊತ್ತೇ ಊರಿಗೆ ಹೊರಡು. ಮೈಮೇಲೆ ಜ್ಞಾನವಿಲ್ಲದಾಗ ಅವರು ಬಾಯಿಗೆ ಹಾಕಿದ್ದಾದರೆ ಶುದ್ಧಿ ಮಾಡಿಸಿ ಉಳಿಸಿಕೊಳ್ಳುತ್ತೇವೆ. ಯಾವುದು, ಹೇಳು ಎಂದರು. ಉತ್ತರವನ್ನು ಅವರೇ ಕೈಗೆ ಇಟ್ಟ ಹಾಗಿತ್ತು. ಅವ್ವನ ಮುಖ ಕಣ್ಣಿಗೆ ಬಂತು ಎಂದು ನಾನು ಬಹಳ ಕಾಲ ನನಗೇ ಹೇಳಿಕೊಂಡಿದ್ದೇನೆ. ಬಂದಿರಲಿಲ್ಲ. ನನ್ನ ಪುಸ್ತಕಗಳು, ನನ್ನ ಚಾಪೆ, ಬರಲಿದ್ದ ಪರೀಕ್ಷೆ — ಅಷ್ಟೇ ಕಂಡದ್ದು.

"ನಾನ್ ಕೇಳ್ಲಿಲ್ಲ ಬುದ್ಧಿ. ನಂಗೆ ಗ್ಯಾನಾನೇ ಇರ್ಲಿಲ್ಲ."

ಖಾದರ್ ಸಾಬರು ಜಗಳಕ್ಕೆ ಬರಲಿಲ್ಲ. ನನ್ನನ್ನು ಒಂದು ಸಲ ನೋಡಿದರು, ಟವಲನ್ನು ಹೆಗಲ ಮೇಲೆ ಹಾಕಿಕೊಂಡರು, ಹೊರಟರು. ಗೌಸ್ ಮಾತ್ರ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ. ನಾನು ಏನಾದರೂ ಇನ್ನೊಂದು ಮಾತು ಹೇಳುತ್ತೇನೆಂದು ಕಾದನೋ ಏನೋ. ನಾನು ತಲೆ ಎತ್ತಲಿಲ್ಲ. ಆಮೇಲೆ ಅವನು ಸ್ಕೂಲಿಗೆ ಬರಲಿಲ್ಲ. ಬೆಂಚಿನಲ್ಲಿ ಅವನ ಜಾಗ ವರ್ಷವಿಡೀ ಖಾಲಿ ಇತ್ತು.

ನನಗೆ ತೀರ್ಥ ಕೊಟ್ಟು ಶುದ್ಧಿ ಮಾಡಿದರು. ಮದ್ದೂರಿನಲ್ಲಿ ಮಾತು ಹಬ್ಬಿತು. ಪ್ರಜ್ಞೆ ತಪ್ಪಿದವನ ಬಾಯಿಗೇ ಹಾಕುವ ಜನ ನಮ್ಮ ಪಾತ್ರೆಗೆ ಏನು ಹಚ್ಚುತ್ತಾರೋ ಯಾರು ಕಂಡವರು — ಹೀಗೆ. ಮೊದಲು ನಮ್ಮವರ ಮನೆಗಳಿಂದ ಪಾತ್ರೆ ಬರುವುದು ನಿಂತಿತು, ಆಮೇಲೆ ಅಗ್ರಹಾರದಿಂದ, ಆಮೇಲೆ ಹಳ್ಳಿಗಳಿಂದ. ಎಷ್ಟೋ ವರ್ಷ ಅವರ ಕಾಲಡಿ ಹಾದ ಪಾತ್ರೆಗಳು ಒಂದೇ ಮಾತಿಗೆ ಒಳಗೇ ಉಳಿದವು. ಆ ಮಾತು ನನ್ನದು. ಕೆಲವು ತಿಂಗಳಲ್ಲಿ ಅವರು ಮನೆ ಖಾಲಿ ಮಾಡಿ ಮಳವಳ್ಳಿಗೆ ಹೋದರೆಂದು ತಿಳಿಯಿತು. ಗೌಸ್ ಅಲ್ಲಿ ಬಸ್ಸಿನ ಶೆಡ್ಡಿಗೆ ಸೇರಿದ್ದ. ಆಗ ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲ ಗ್ಯಾಸಿನ ಮೇಲೆ ಓಡುತ್ತಿದ್ದವು. ಖಾದರ್ ಸಾಬರು ಅದೇ ಶೆಡ್ಡಿನಲ್ಲಿ ಇದ್ದಿಲು ಒಡೆಯುತ್ತಿದ್ದರು.

ನನ್ನ ಊರಿನ ದಾರಿ ಮಳವಳ್ಳಿಯ ಮೇಲೆಯೇ. ರಜೆಗೆ ಹೋಗುವಾಗಲೆಲ್ಲ ನಾನು ಶೆಡ್ಡಿಗೆ ಮೊದಲೇ ಬಸ್ಸಿಳಿದು, ಕೆರೆಯ ಕಡೆಯಿಂದ ಸುತ್ತು ಹಾಕಿ ನಡೆದು ಹೋಗುತ್ತಿದ್ದೆ. ಊರುಗಳನ್ನು ನೋಡುವ ಹುಚ್ಚಿದ್ದವನು ಒಂದು ಬೀದಿಗೆ ಹೆದರಿ ನಾಲ್ಕು ವರ್ಷ ಕಳೆದೆ. ಆ ನಾಲ್ಕು ವರ್ಷಕ್ಕೆ ಯಾವ ಯಜಮಾನರನ್ನೂ ಹೊಣೆ ಮಾಡುವಂತಿಲ್ಲ.

ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ ನನಗೆ ಮೇಷ್ಟ್ರ ಕೆಲಸ ಸಿಕ್ಕಿತು. ಆಗ ಮಳವಳ್ಳಿಗೆ ಹೋದೆ. ಊರಿನವರನ್ನು ಕೇಳಿಕೊಂಡು ಮನೆ ಹುಡುಕಿದೆ. ಗಂಡಸರಿಬ್ಬರೂ ಕೆಲಸಕ್ಕೆ ಹೋಗಿದ್ದರು. ಹಾಜಿರಾಬಿ ಒಬ್ಬರೇ ಇದ್ದರು. ಕೂದಲು ಅರ್ಧ ನರೆತಿತ್ತು. ಗುರುತು ಹಿಡಿದರು. ಬಾ, ಕೂತುಕೋ ಎಂದರು, ಊರಲ್ಲಿ ಅವ್ವ ಹೇಗಿದ್ದಾಳೆ ಎಂದು ಕೇಳಿದರು. ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಚೆಲ್ಲಿಹೋಯಿತು. ಸುಳ್ಳು ಹೇಳಿದೆ ಅಮ್ಮಾ ಎಂದಷ್ಟೇ ಅಂದೆ. ಅವರು ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಕಾಲು ಹಿಡಿಯಬಹುದಿತ್ತು.

ಹೊತ್ತು ನೆತ್ತಿಗೇರಿತ್ತು. ಅವರು ಎದ್ದು ಹಿತ್ತಲಿಗೆ ಹೋದರು. ನೋಡುತ್ತೇನೆ — ಮೂರು ಕಲ್ಲು ಹೂಡುತ್ತಿದ್ದಾರೆ. ಒಂದು ಮಡಕೆ ತಂದಿಟ್ಟರು. ಅದೇ ಮಡಕೆಯೋ ಬೇರೆಯೋ, ಕೇಳುವ ಧೈರ್ಯ ನನಗಾಗಲಿಲ್ಲ. ಮೊರದಲ್ಲಿ ಅಕ್ಕಿ, ಒಂದು ಚಿಪ್ಪಿನಲ್ಲಿ ಉಪ್ಪು. ಅಮ್ಮಾ, ಒಳಗೆ ಬೆಂದದ್ದನ್ನೇ ಬಡಿಸಿ, ನನಗೆ ಈಗ ಯಾರ ಭಯವೂ ಇಲ್ಲ, ಕೇಳುತ್ತಿರುವವನು ನಾನೇ ಎಂದೆ.

"ಅವತ್ತೂ ನೀನೇ ಕೇಳಿದ್ದು ಕಣಪ್ಪ."

ಅಷ್ಟು ಹೇಳಿ ಒಳಗೆ ಹೋದರು. ಅವರ ಧ್ವನಿಯಲ್ಲಿ ಸಿಟ್ಟಿನ ಎಳೆಯೂ ಇರಲಿಲ್ಲ. ನಾನು ಬೆಂಕಿ ಹೊತ್ತಿಸಿದೆ. ಅಕ್ಕಿ ಕುದಿಯಿತು. ಹಿತ್ತಲ ಬಾಗಿಲ ಕಡೆ ಮತ್ತೆ ಮತ್ತೆ ನೋಡಿದೆ. ಉರಿ ಯಾವಾಗ ತಗ್ಗಿಸಬೇಕು, ಉಪ್ಪು ಯಾವಾಗ ಹಾಕಬೇಕು ಎಂದು ಹೇಳಲು ಅಲ್ಲಿ ಯಾರೂ ಕೂತಿರಲಿಲ್ಲ. ಉಪ್ಪು ಹಾಕುವುದನ್ನು ಮರೆತೆ. ತಳ ಸೀದ ಆ ಸಪ್ಪೆ ಅನ್ನವನ್ನು ಒಂದು ಅಗುಳೂ ಬಿಡದೆ ಉಂಡೆ. ಮಡಕೆ ತೊಳೆದು ಗೋಡೆಯ ಮೇಲೆ ಬೋರಲು ಹಾಕಿ, ಬರುತ್ತೇನೆ ಅಮ್ಮಾ ಎಂದೆ. ಒಳಗಿನಿಂದ ಹೂಂ ಎಂದರು.

ಆಮೇಲೆ ಅವರನ್ನು ನಾನು ನೋಡಲಿಲ್ಲ. ಈಗ ಅವರು ಯಾರೂ ಇಲ್ಲ, ಗೌಸನೂ ಇಲ್ಲ. ನನ್ನ ತಪ್ಪನ್ನು ಅವರ ಮನೆಯ ಹಿತ್ತಲಲ್ಲಿ, ಯಾರಿಗೂ ಕೇಳಿಸದ ಹಾಗೆ ಒಪ್ಪಿಕೊಂಡು ಬಂದೆನಲ್ಲ, ಅದೂ ಒಂದು ಕಳ್ಳತನವೇ ಎಂದು ನನಗೆ ಹೊಳೆದದ್ದು ತೀರಾ ತಡವಾಗಿ. ಯಾರ ಮುಂದೆ ಬೇಕಾದರೂ ಹೇಳುತ್ತೇನೆ ಎಂದು ನಾನು ಮಾತು ಕೊಟ್ಟಿದ್ದೆ. ಸುಳ್ಳನ್ನು ಹೇಳಿದ್ದು ಪಡಸಾಲೆಯಲ್ಲಿ, ನಾಲ್ಕು ಜನರ ಮುಂದೆ.

ಆ ವಿದ್ಯಾರ್ಥಿನಿಲಯ ಈಗಲೂ ಇದೆ. ನೀವು ಹಳೆಯ ವಿದ್ಯಾರ್ಥಿ, ಹಿರಿಯರು, ಹುಡುಗರಿಗೆ ನಾಲ್ಕು ಒಳ್ಳೆಯ ಮಾತು ಹೇಳಬೇಕೆಂದು ಅಲ್ಲಿನವರು ಮೊನ್ನೆ ಕರೆಯಲು ಬಂದಿದ್ದರು. ಒಪ್ಪಿಕೊಂಡಿದ್ದೇನೆ. ಈ ಹಾಳೆಗಳನ್ನು ತೆಗೆದುಕೊಂಡು ಹೋಗಿ, ಅದೇ ಪಡಸಾಲೆಯಲ್ಲಿ, ಅದೇ ಮೆಟ್ಟಿಲ ಕಡೆ ಮುಖ ಮಾಡಿ ನಿಂತು ಓದುತ್ತೇನೆ. ಲಿಂಗ ಅಂಗೈಯಲ್ಲೇ ಇರುತ್ತದೆ. ನಾನೇ ಕೇಳಿದೆ ಎನ್ನುತ್ತೇನೆ.